ಬೆನ್ನು ತೋರಿಸಿದ ಹಲಗೆಗಳು

ಗೆರೆ ಮೇಡಂ ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ. ಪ್ರಿನ್ಸಿಪಾಲರು ಮೇಜಿನ ಮೇಲೆ ತಳ್ಳಿದ ಹಾಳೆಯನ್ನು ಎರಡು ಸಲ ಓದಿ, ಅಷ್ಟೇ ನಯವಾಗಿ ಅವರ ಕಡೆಗೇ ವಾಪಸು ತಳ್ಳಿದರು.

"ಇದಕ್ಕೆ ನಾನು ಸಹಿ ಹಾಕಲ್ಲ."

ಹಾಳೆಯಲ್ಲಿದ್ದದ್ದು ಮೂರೇ ಸಾಲು. ಮಂಗಳವಾರ ಕಲಾಶಾಲೆಯಲ್ಲಿ ಚಾಕುವಿಗೆ ಸಿಕ್ಕಿದ ಚಿತ್ರ ದಿವಂಗತ ದೊಡ್ಡ ಮೇಷ್ಟ್ರ ಕೈಯದೇ. ಹೊಟ್ಟೆಕಿಚ್ಚಿನಿಂದ ಅದನ್ನು ಹಾಳು ಮಾಡಿದವಳು ಸ್ಟೋರ್ ನೋಡಿಕೊಳ್ಳುವ ಹೆಂಗಸು. ತಜ್ಞರ ಅಭಿಪ್ರಾಯವೂ ಇದೇ.

ತಜ್ಞರು ಅಂದರೆ ಗೆರೆ ಮೇಡಂ. ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ಕೂತು, ಕಂಡವರು ಹೇಳಿದ್ದನ್ನು ಕೇಳಿ, ತಾವು ಕಾಣದವರ ಮುಖ ಬರೆದವರು. ನಿವೃತ್ತಿಯಾದ ಮೇಲೂ ಆ ಹೆಸರು ಅವರನ್ನು ಬಿಟ್ಟಿರಲಿಲ್ಲ. ಅವರ ಕೈಕೆಳಗೆ ಕೆಲಸ ಕಲಿತಿದ್ದ ಇನ್ಸ್‌ಪೆಕ್ಟರೇ, "ಒಂದು ಸಲ ಬಂದು ನೋಡಿ ಹೋಗಿ ಮೇಡಂ, ಅರ್ಧ ಗಂಟೆ ಕೆಲಸ" ಎಂದು ಕರೆಸಿದ್ದ. ಈಗ ಅವನು ಗೋಡೆಗೆ ಒರಗಿ ನಿಂತು ತನ್ನ ಬೂಟನ್ನೇ ನೋಡಿಕೊಳ್ಳುತ್ತಿದ್ದ.

ಪ್ರಿನ್ಸಿಪಾಲರಿಗೆ ಸಿಟ್ಟು ಬಂದರೂ ದನಿ ಏರಲಿಲ್ಲ. ದೊಡ್ಡ ಮೇಷ್ಟ್ರ ಒಬ್ಬನೇ ಮಗ ಅವರು. ಶುಕ್ರವಾರ ತಂದೆಯ ಹೆಸರಿನ ಹೊಸ ಗ್ಯಾಲರಿ ತೆರೆಯುವುದಿದೆ, ದೂರದೂರಿನಿಂದ ಜನ ಬರುತ್ತಿದ್ದಾರೆ, ಅಷ್ಟರೊಳಗೆ ಚಿತ್ರ ರಿಪೇರಿಯಾಗಿ ಗೋಡೆಗೆ ಏರಬೇಕು ಎಂದು ಅವರು ಬಿಡಿಸಿ ಹೇಳಿದರು. ಸ್ಟೋರಕ್ಕ ಕೈಯಲ್ಲಿ ಚಾಕು ಹಿಡಿದು ಚಿತ್ರದ ಪಕ್ಕ ನಿಂತದ್ದನ್ನು ಗುಮಾಸ್ತ ಕಣ್ಣಾರೆ ಕಂಡಿದ್ದಾನೆ. ಅವಳೂ ಅಲ್ಲ ಅಂದಿಲ್ಲ. ಸ್ಟೇಷನ್ನಿನಲ್ಲಿ ಅವಳು ಆಡಿದ್ದು ಒಂದೇ ಮಾತು: ಏನು ಬೇಕೋ ಬರ್ಕೊಳ್ಳಿ.

"ಇನ್ನೇನು ಉಳಿದಿದೆ ಮೇಡಂ, ಅನುಮಾನ ಪಡೋಕೆ?"

"ಚಿತ್ರ ಉಳಿದಿದೆ," ಅಂದರು ಗೆರೆ ಮೇಡಂ. "ಅದನ್ನ ಇನ್ನೂ ಯಾರೂ ಕೇಳಿಲ್ಲ."

ಮೂರು ಗಂಟೆಯವರೆಗೆ ಸಮಯ ಕೊಡುವುದಾಗಿ ಪ್ರಿನ್ಸಿಪಾಲರು ಹೇಳಿದರು. ಆಮೇಲೆ ಬೇರೆ ತಜ್ಞರು ಬರುತ್ತಾರೆ. ಅವರು ಇಷ್ಟೆಲ್ಲ ಮಾತಾಡುವವರಲ್ಲ.

*

ಚಿತ್ರವನ್ನು ಮೇಲಿನ ತರಗತಿಯಲ್ಲಿ ಎರಡು ಮೇಜು ಜೋಡಿಸಿ ಮಲಗಿಸಿದ್ದರು. ಮಾಡೆಲ್ ಕೂರಿಸಿ ಮನುಷ್ಯರ ಚಿತ್ರ ಬರೆಯಲು ಕಲಿಸುವ ಉದ್ದನೆಯ ಕೋಣೆ ಅದು. ನಡುವೆ ಒಂದೂವರೆ ಅಡಿ ಎತ್ತರದ ಮರದ ವೇದಿಕೆ, ಅದರ ಮೇಲೊಂದು ಗಿಡ್ಡ ಸ್ಟೂಲು. ಅದಕ್ಕೆ ಎದುರಾಗಿ ಮೂರು ಕಾಲಿನ ಸ್ಟ್ಯಾಂಡುಗಳ ಮೇಲೆ ಹಲಗೆಗಳು.

ತಮಾಷೆಯೆಂದರೆ ಚಿತ್ರದಲ್ಲಿ ಇದ್ದದ್ದೂ ಇದೇ ಕೋಣೆ. 'ಖಾಲಿ ತರಗತಿ' ಅಂತ ಹೆಸರು. ಮಧ್ಯಾಹ್ನದ ಬಿಸಿಲು, ಐದು ಕಿಟಕಿ, ಬಿಟ್ಟುಹೋದ ಹಲಗೆಗಳು. ಒಬ್ಬ ಮನುಷ್ಯನೂ ಇಲ್ಲ. ಇಪ್ಪತ್ತೇಳು ವರ್ಷದಿಂದ ಸಭಾಂಗಣದ ನಡುಗೋಡೆಯಲ್ಲಿ ತೂಗುತ್ತಿದ್ದ ಇದನ್ನು, ಹೊಸ ಗ್ಯಾಲರಿಗೆ ಸಾಗಿಸುವ ಮುಂಚೆ ಒರೆಸಲೆಂದು ಸೋಮವಾರ ಇಳಿಸಿ, ಫ್ರೇಮು ಮತ್ತು ಹಿಂದಿನ ರಟ್ಟು ಬಿಚ್ಚಿಟ್ಟಿದ್ದರು. ಮರುದಿನವೇ ಚಾಕು ಬಿದ್ದಿತ್ತು.

"ಇದರಲ್ಲಿ ನೋಡೋಕೇನಿದೆ ಮೇಡಂ," ಅಂದ ಇನ್ಸ್‌ಪೆಕ್ಟರ್. "ಖಾಲಿ ರೂಮು."

"ಏನಿದೆ ಅಂತ ಆಮೇಲೆ ನೋಡು. ನಿನ್ನ ಕಣ್ಣು ಮೊದಲು ಎಲ್ಲಿಗೆ ಹೋಯ್ತು, ಅದು ಹೇಳು."

ಅವನು ತಲೆ ಓರೆ ಮಾಡಿ ನೋಡಿದ. "ಕೆಳಗೆ. ಮಧ್ಯದಲ್ಲಿ." ಸ್ವಲ್ಪ ತಡೆದು, "ಅಲ್ಲಿ ಏನೂ ಇಲ್ಲ," ಅಂದ.

ಅದೇ ಗೆರೆ ಮೇಡಂ ಅವರ ತಲೆ ತಿನ್ನುತ್ತಿದ್ದದ್ದು. ನೆಲದ ಹಲಗೆಗಳ ಸಂದು, ಸ್ಟ್ಯಾಂಡುಗಳ ಕಾಲು, ಕಿಟಕಿಯಿಂದ ಇಳಿದ ಬಿಸಿಲಿನ ಪಟ್ಟೆ, ಪ್ರತಿಯೊಂದು ಗೆರೆಯೂ ನೋಡುವವನ ಕೈ ಹಿಡಿದು ಚಿತ್ರದ ಕೆಳ ಅಂಚಿನ ನಡುವಿಗೆ ತಂದು ನಿಲ್ಲಿಸುತ್ತಿತ್ತು. ಅಲ್ಲಿ ಬರೀ ನೆಲ. ಮೇಲೆ ಐದು ಕಿಟಕಿಗಳ ಭಾರ, ಕೆಳಗೆ ಅದನ್ನು ಹೊರಲು ಏನೂ ಇಲ್ಲ. ಒಂದೇ ತಟ್ಟೆಗೆ ಸಾಮಾನು ಹಾಕಿದ ತಕ್ಕಡಿಯ ಹಾಗೆ ಚಿತ್ರ ವಾಲಿಕೊಂಡಿತ್ತು.

ಇಷ್ಟು ಪಳಗಿದ ಕೈ ಅಂಥ ತಪ್ಪು ಮಾಡುವುದಿಲ್ಲ ಎಂದು ಅವರು ವಿವರಿಸಿದರು. ಬಿಸಿಲು ಎಷ್ಟು, ನೆರಳು ಎಷ್ಟು, ಯಾವ ಆಕಾರದ ಪಕ್ಕ ಎಷ್ಟು ಜಾಗ ಖಾಲಿ ಬಿಡಬೇಕು ಎಂದು ಬಲ್ಲ ಕೈ ಅದು. ಕಣ್ಣನ್ನು ಅಲ್ಲಿಗೆ ಕರೆದಿದೆ ಅಂದರೆ ಅಲ್ಲಿ ಏನೋ ಇತ್ತು.

ಅವರು ಭೂತಗನ್ನಡಿ ತೆಗೆದು, ಚಾಕು ಬಿದ್ದ ಕೆಳ ಅಂಚಿಗೆ ಬಗ್ಗಿದರು. ಕತ್ತರಿಸಿದ ಜಾಗದಲ್ಲಿ ಬಣ್ಣ ಸ್ವಲ್ಪ ಹಕ್ಕಳೆ ಎದ್ದಿತ್ತು, ಆದರೆ ಗೀರು ಮಾತ್ರ ಸ್ಕೇಲು ಇಟ್ಟ ಹಾಗೆ ನೇರ. ಸಿಟ್ಟಿನಲ್ಲಿ ಚಾಕು ಹಾಕಿದವರು ನಡುವಿಗೆ ಹಾಕುತ್ತಾರೆ, ಅಡ್ಡಾದಿಡ್ಡಿ ಹಾಕುತ್ತಾರೆ. ಇಲ್ಲಿ ಯಾರೋ ದರ್ಜಿಯ ಹಾಗೆ ಕೆಲಸ ಮಾಡಿದ್ದರು. ಇನ್ನೂ ಒಂದು ವಿಷಯವಿತ್ತು. ಉಳಿದ ಮೂರು ಅಂಚಿನಲ್ಲೂ ಬಣ್ಣ ನಿಂತ ಮೇಲೆ ಎರಡು ಬೆರಳು ಬರಿ ಬಟ್ಟೆ, ಅದರ ಮೇಲೆ ಮೊಳೆ. ಕೆಳಗಿನ ಅಂಚಿನಲ್ಲಿ ಮಾತ್ರ ಬಣ್ಣ ಕತ್ತರಿಸಿದ ಕಡೆಯವರೆಗೂ ಬಂದಿತ್ತು.

"ಚಿತ್ರ ಇಲ್ಲಿಗೆ ಮುಗಿದಿರಲಿಲ್ಲ," ಅಂದರು. "ಇನ್ನೊಂದು ಗೇಣು ಇತ್ತು. ಅದನ್ನ ಹಿಂದಕ್ಕೆ ಮಡಚಿ ಮೊಳೆ ಹೊಡೆದು, ಮೇಲೆ ರಟ್ಟು ಮುಚ್ಚಿದ್ದಾರೆ. ರಟ್ಟು ಬಿಚ್ಚಿದ ಮೇಲೆ ಯಾರೋ ಆ ಮಡಿಕೆಯನ್ನಷ್ಟೇ ಕತ್ತರಿಸಿ ತಗೊಂಡಿದ್ದಾರೆ. ಇದು ಹಾಳು ಮಾಡಿದ್ದಲ್ಲಪ್ಪ. ತೆಗೆದುಕೊಂಡಿದ್ದು."

ಅಂಚಿಗೆ ತಾಗಿ ಎರಡು ಚುಕ್ಕೆ ನೀಲಿ ನೆರಳಿತ್ತು, ಹೆಬ್ಬೆಟ್ಟಿನಷ್ಟು ಅಗಲ. ನೆರಳು ಇದ್ದಲ್ಲೇ ಇತ್ತು, ನೆರಳಿನ ಯಜಮಾನ ಕಾಣೆಯಾಗಿದ್ದ.

ಇನ್ಸ್‌ಪೆಕ್ಟರ್ ಈಗ ಬೂಟು ನೋಡುವುದನ್ನು ಬಿಟ್ಟ.

ಗೆರೆ ಮೇಡಂ ಚೀಲದಿಂದ ದಾರದ ಉಂಡೆ ತೆಗೆದರು. ಚಿತ್ರದ ಮೇಲೆ ಹಲಗೆಗಳ ತುದಿ, ಕಿಟಕಿಗಳ ಕೆಳಗಿನ ದಂಡೆ ಹಿಡಿದು ಒಂದೊಂದೇ ದಾರ ಎಳೆದರು. ಎಲ್ಲ ದಾರಗಳೂ ಒಂದೇ ಬಿಂದುವಿಗೆ ಹೋಗಿ ಕೂಡಿದವು. ಚಿತ್ರ ಬರೆದವರ ಕಣ್ಣು ಇದ್ದ ಎತ್ತರ ಅದು. ಎರಡನೇ ಕಿಟಕಿಯ ಕೆಳಗಿನಿಂದ ಮೂರನೇ ಸರಳು. ಅವರು ನಿಜವಾದ ಕಿಟಕಿಗೆ ಹೋಗಿ ಟೇಪು ಹಿಡಿದರು. ನಾಲ್ಕೂಕಾಲು ಅಡಿ.

ದೊಡ್ಡ ಮೇಷ್ಟ್ರು ಆರಡಿ ಆಳು.

"ಕೂತು ಬರೆದಿರಬಹುದಲ್ಲ," ಅಂದ ಇನ್ಸ್‌ಪೆಕ್ಟರ್.

"ಇರಬಹುದು. ಎಲ್ಲಿ ಕೂತು?"

ಕೋಣೆಯ ಮೂಲೆ ಮೂಲೆಗೂ ಹೋಗಿ ನಿಂತು, ಬಗ್ಗಿ, ಕುಕ್ಕರಗಾಲಲ್ಲಿ ಕೂತು ನೋಡಿದರು. ಮಂಡಿ ನೋವಿಗೆ ಗೊಣಗಿದರು. ಎಲ್ಲಿಂದ ನೋಡಿದರೂ ಚಿತ್ರದ ಕಿಟಕಿಗಳು ನಿಜದ ಕಿಟಕಿಗಳಿಗೆ ಸೇರಲಿಲ್ಲ. ಕೊನೆಗೆ ಒಂದೇ ಜಾಗ ಉಳಿಯಿತು. ವೇದಿಕೆ ಹತ್ತಿ ಗಿಡ್ಡ ಸ್ಟೂಲಿನ ಮೇಲೆ ಕಾಲು ಚಾಚಿ ಕೂತರು. ತಲೆ ಎತ್ತಿದರು.

ಎದುರಿಗೆ ಹದಿನೆಂಟು ಹಲಗೆ. ಒಂದರ ಮುಖವೂ ಕಾಣಿಸಲಿಲ್ಲ. ಎಲ್ಲದರ ಬೆನ್ನು.

ಚಿತ್ರದಲ್ಲೂ ಹಾಗೆಯೇ ಇತ್ತು. ಮಕ್ಕಳ ಹಿಂದೆ ಓಡಾಡುತ್ತ ಕಲಿಸುವ ಮೇಷ್ಟ್ರಿಗೆ ಹಲಗೆಯ ಮುಖ ಕಾಣುತ್ತದೆ, ಬರೆಯುವ ಮಕ್ಕಳಿಗೂ ಮುಖವೇ ಕಾಣುತ್ತದೆ. ಆ ಕೋಣೆಯಲ್ಲಿ ಬರೀ ಬೆನ್ನು ನೋಡುತ್ತ ಕೂತವರು ಒಬ್ಬರೇ. ಎಲ್ಲರೂ ಯಾರನ್ನು ನೋಡುತ್ತಿದ್ದರೋ, ಅವರು.

"ಮಾಡೆಲ್," ಅಂದ ಇನ್ಸ್‌ಪೆಕ್ಟರ್ ಮೆಲ್ಲಗೆ.

ಆಮೇಲೆ ಕಣ್ಣಿಗೆ ಬಿದ್ದದ್ದೆಲ್ಲ ತಾನಾಗಿ ಬಂದು ಸೇರಿಕೊಂಡಿತು. ಕುಂಚದ ಎಳೆತಗಳು ಎಡದ ಮೇಲಿನಿಂದ ಬಲದ ಕೆಳಕ್ಕೆ ಜಾರಿದ್ದವು. ಬಲಗೈಯವರ ಗೆರೆ ಸಾಮಾನ್ಯವಾಗಿ ಅದರ ಉಲ್ಟಾ ವಾಲುತ್ತದೆ. ಮೇಷ್ಟ್ರ ಫೋಟೋ ನೋಡಿದರೆ ಎಲ್ಲದರಲ್ಲೂ ಕುಂಚ ಬಲಗೈಯಲ್ಲಿ. ಬಣ್ಣ ನೋಡಿದರೆ ಮೂರೇ ಮೂರು: ನೀಲಿ, ಮಣ್ಣುಗೆಂಪು, ಬಿಳಿ. ಮೇಷ್ಟ್ರು ಹಳದಿ ಇಲ್ಲದೆ ಒಂದು ಚಿತ್ರವನ್ನೂ ಮುಗಿಸಿದವರಲ್ಲ. ಇಲ್ಲಿ ಬಿಸಿಲು ಕೂಡ ಹಳದಿಯಲ್ಲ, ನೀಲಿಯ ಪಕ್ಕ ಬೆಚ್ಚಗೆ ಕಾಣುವಂತೆ ಇಟ್ಟ ತೆಳು ಕೆಂಪು. ಇದ್ದ ಬಣ್ಣದಲ್ಲೇ ಇಲ್ಲದ ಬಣ್ಣ ತೋರಿಸಿದ ಜಾಣತನ ಕಂಡು ಗೆರೆ ಮೇಡಂ ಭೂತಗನ್ನಡಿಯನ್ನು ಮತ್ತೊಮ್ಮೆ ಆ ಬಿಸಿಲಿನ ಮೇಲೆ ಹಿಡಿದರು.

"ಸ್ಟೋರಕ್ಕ ಸ್ಟೇಷನ್ನಿನಲ್ಲಿ ಯಾವ ಕೈಯಲ್ಲಿ ಸಹಿ ಹಾಕಿದಳು?"

ಇನ್ಸ್‌ಪೆಕ್ಟರ್ ಯೋಚಿಸಬೇಕಾಗಿ ಬರಲಿಲ್ಲ. ಇಂಕು ಅವಳ ಎಡಗೈಯ ಮಗ್ಗುಲಿಗೆಲ್ಲ ಮೆತ್ತಿಕೊಂಡು, ಒರೆಸಿಕೊಳ್ಳಲು ಅವನೇ ಕಾಗದ ಕೊಟ್ಟಿದ್ದ.

*

ಜಾಮೀನಿನ ಮೇಲೆ ಬಿಡುಗಡೆಯಾಗಿದ್ದ ಸ್ಟೋರಕ್ಕ ಮನೆಯಲ್ಲಿ ಕಿಟಕಿ ಗಾಜು ಒರೆಸುತ್ತಿದ್ದಳು. ಐವತ್ತೇಳು ವಯಸ್ಸು, ಬೆನ್ನು ಇನ್ನೂ ಕೋಲಿನ ಹಾಗೆ ನೆಟ್ಟಗೆ. ಬಸ್ ಕಂಡಕ್ಟರ್ ಕೆಲಸದ ಮಗಳು ಸಮವಸ್ತ್ರದಲ್ಲೇ ಕೂತು ಬೆಳಗಿನಿಂದ ಅಮ್ಮನನ್ನು ಗದರಿಸುತ್ತಿದ್ದಳು. ಬಾಯಿ ಬಿಟ್ಟು ಒಂದು ಮಾತು ಹೇಳಬಾರದಾ, ಯಾರಿಗೋಸ್ಕರ ಈ ಮೌನ ಅಂತ.

ಗೆರೆ ಮೇಡಂ ಚೀಲದಿಂದ ಕಾಗದ, ಪೆನ್ಸಿಲ್ ತೆಗೆದು ಮುಂದಿಟ್ಟರು. ಏನೂ ಹೇಳುವುದು ಬೇಡ, ಒಂದು ಗೆರೆ ಎಳೆದರೆ ಸಾಕು ಅಂದರು.

"ಎಳೆಯಲ್ಲ," ಅಂದಳು ಸ್ಟೋರಕ್ಕ. "ಎಳೆದರೆ ನಿಮಗೆ ಎಲ್ಲ ಗೊತ್ತಾಗುತ್ತೆ."

"ಗೊತ್ತಾಗಿದೆ. ಆ ಸ್ಟೂಲಿನ ಮೇಲೆ ಕೂತು ಬಂದೆ."

ಗಾಜು ಒರೆಸುತ್ತಿದ್ದ ಕೈ ನಿಂತಿತು. ಮಗಳು ಇಬ್ಬರ ಮುಖವನ್ನೂ ನೋಡಿದಳು.

ಹೇಳಲು ಶುರು ಮಾಡಿದ ಮೇಲೆ ಸ್ಟೋರಕ್ಕ ನಿಲ್ಲಿಸಲಿಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಮಾಡೆಲ್ ಆಗಿ ಆ ಶಾಲೆಗೆ ಸೇರಿದವಳು. ಎಂಟು ವರ್ಷ ಆ ಸ್ಟೂಲಿನ ಮೇಲೆ ಕೂತಳು. ಕತ್ತು ಅಲ್ಲಾಡಿಸುವಂತಿಲ್ಲ, ಸೊಳ್ಳೆ ಕಚ್ಚಿದರೂ ಕೈ ಎತ್ತುವಂತಿಲ್ಲ. ಕಣ್ಣು, ಕಿವಿ ಮಾತ್ರ ಅವಳವು. ಮೇಷ್ಟ್ರು ಅವಳ ಭುಜ ತೋರಿಸಿ ಮಕ್ಕಳಿಗೆ ಗೆರೆ ಕಲಿಸಿದರು, ಕೆನ್ನೆ ತೋರಿಸಿ ನೆರಳು ಕಲಿಸಿದರು, ಅವಳು ಕೂತ ಭಂಗಿಯಲ್ಲಿ ತೂಕ ಎಲ್ಲಿ ಇಳಿಯುತ್ತದೆ ಎಂದು ಕೋಲಿನಲ್ಲಿ ತೋರಿಸಿದರು. ಮಕ್ಕಳು ಎರಡು ವರ್ಷಕ್ಕೊಮ್ಮೆ ಬದಲಾದರು. ಪಾಠ ಮತ್ತೆ ಮೊದಲಿನಿಂದ ಶುರುವಾಯಿತು. ಅದೇ ಪಾಠವನ್ನು ನಾಲ್ಕು ಸಲ ಪೂರ್ತಿ ಕೇಳಿದವಳು ಅವಳೊಬ್ಬಳೇ.

ಮೂವತ್ತನೇ ವಯಸ್ಸಿನಲ್ಲಿ, ಎಲ್ಲರೂ ಊಟಕ್ಕೆ ಹೋಗುವ ಆ ಒಂದು ಗಂಟೆ, ಮಕ್ಕಳು ಎಸೆದ ಟ್ಯೂಬುಗಳನ್ನು ಹಿಂಡಿ ಹಿಂಡಿ ಬಣ್ಣ ಕೂಡಿಸಿ ಬರೆದಳು. ಹಳದಿಯನ್ನು ಯಾರೂ ಎಸೆಯುತ್ತಿರಲಿಲ್ಲ. ನಲವತ್ತು ದಿನ ಹಿಡಿಯಿತು. ಒಣಗಲೆಂದು ಬೀರುವಿನ ಹಿಂದೆ ಇಟ್ಟಿದ್ದ ಚಿತ್ರ ಒಂದು ದಿನ ಇರಲಿಲ್ಲ. ಆಮೇಲೆ ಕಂಡದ್ದು ಸಭಾಂಗಣದ ನಡುಗೋಡೆಯಲ್ಲಿ, ಕೆಳಗೆ ಮೇಷ್ಟ್ರ ಸಹಿಯೊಂದಿಗೆ. ಅವತ್ತು ಅವಳು ಹಿಂದಿನ ಸಾಲಿಗೆ ಕುರ್ಚಿ ಹಾಕುತ್ತಿದ್ದಳು.

"ಮುಂದಿನ ವಾರ ಕರೆದು ಕಾಯಂ ಕೆಲಸ ಕೊಟ್ಟರು. ಸ್ಟೋರಿನ ಬೀಗದ ಕೈ ಕೊಟ್ಟರು," ಅಂದಳು. "ಬೀಗ ಹಾಕಿದ್ದು ನನ್ನ ಬಾಯಿಗೆ. ಇವಳಿಗೆ ಆಗ ಐದು ವರ್ಷ. ನಾನೂ ತಗೊಂಡೆ."

ಮಗಳು ಟಿಕೆಟ್ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಅಮ್ಮನಿಗೆ ಚಿತ್ರ ಬರೆಯಲು ಬರುತ್ತದೆ ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

ಆ ಕೆಳಗಿನ ಗೇಣಿನಲ್ಲಿ ಏನಿತ್ತು ಎಂದು ಗೆರೆ ಮೇಡಂ ಕೇಳಿದರು. ಮೂರು ಗಂಟೆಗೆ ಶಾಲೆಗೆ ಬರುತ್ತೇನೆ, ಪ್ರಿನ್ಸಿಪಾಲರ ಮುಂದೆಯೇ ಹೇಳುತ್ತೇನೆ ಅಂದಳು ಸ್ಟೋರಕ್ಕ. ಅಮಾನತಾಗಿದ್ದೀಯಲ್ಲಮ್ಮ, ಗೇಟಿನಲ್ಲೇ ತಡೆಯುತ್ತಾರೆ ಅಂದಳು ಮಗಳು.

"ತಡೀಲಿ. ಮೂವತ್ತೈದು ವರ್ಷ ಆ ಗೇಟಿನೊಳಗೆ ತಲೆ ತಗ್ಗಿಸಿಕೊಂಡು ಹೋದೆ. ಇವತ್ತು ಎತ್ತಿಕೊಂಡು ಹೋಗ್ತೀನಿ."

*

ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಇನ್ಸ್‌ಪೆಕ್ಟರ್ ಅವಳ ಪಕ್ಕದಲ್ಲೇ ನಡೆದು ಬಂದ. ದಾರಿಯಲ್ಲಿ ಸ್ಟೋರಿನ ಹತ್ತಿರ ನಿಂತು, ಅವನ ಕೈಯಿಂದಲೇ ಬೀಗ ತೆಗೆಸಿ, ಕಾಗದದ ಸುರುಳಿಗಳು ಒಟ್ಟಿದ್ದ ಮೂಲೆಯಿಂದ ಒಂದು ರಟ್ಟಿನ ಕೊಳವೆ ಎಳೆದುಕೊಂಡಳು. ಪೊಲೀಸರು ಮೂರು ದಿನದಿಂದ ಆ ಮೂಲೆಯನ್ನು ದಾಟಿ ಓಡಾಡಿದ್ದರು.

ಪ್ರಿನ್ಸಿಪಾಲರ ಕೋಣೆಯಲ್ಲಿ ಗೆರೆ ಮೇಡಂ ನಿಂತುಕೊಂಡೇ ಮಾತಾಡಿದರು. ಕಿಟಕಿಯ ಸರಳು, ನಾಲ್ಕೂಕಾಲು ಅಡಿ, ಹಲಗೆಗಳ ಬೆನ್ನು, ಎಡಗೈಯ ಎಳೆತ, ಇಲ್ಲದ ಹಳದಿ. ಪ್ರಿನ್ಸಿಪಾಲರು ಕೈಕಟ್ಟಿ ಕೇಳಿದರು. ಅಪ್ಪ ಎಲ್ಲಿ ಬೇಕಾದರೂ ಕೂತು ಬರೆಯುವ ಸ್ವಾತಂತ್ರ್ಯ ಇದ್ದವರು, ಮಾಡೆಲ್ಲಿನ ಸ್ಟೂಲಿನ ಮೇಲೂ ಕೂತಿರಬಹುದು ಅಂದರು.

ಗೆರೆ ಮೇಡಂ ಮೇಜಿನ ಮೇಲಿದ್ದ ಗ್ಯಾಲರಿಯ ಆಹ್ವಾನಪತ್ರಿಕೆ ಎತ್ತಿ ಓದಿದರು. ಮೊದಲ ಪುಟದಲ್ಲೇ ದೊಡ್ಡ ಮೇಷ್ಟ್ರ ಮಾತು ದಪ್ಪ ಅಕ್ಷರದಲ್ಲಿತ್ತು: ಕೂತು ಬರೆಯುವವನು ಗುಮಾಸ್ತ, ನಾನು ಜೀವನದಲ್ಲಿ ಒಂದು ಚಿತ್ರವನ್ನೂ ಕೂತು ಬರೆದಿಲ್ಲ.

"ಇದನ್ನ ಅಚ್ಚು ಹಾಕಿಸಿದ್ದು ನೀವೇ ಅಲ್ವಾ?"

ಪ್ರಿನ್ಸಿಪಾಲರ ಕುತ್ತಿಗೆ ಕೆಂಪಾಯಿತು. "ಮಾಡೆಲ್ ಹೆಂಗಸು ಬರೆದ ಚಿತ್ರ ಅಂದರೆ ಜನ ನಗ್ತಾರೆ ಮೇಡಂ."

"ನಗಲಿ. ನಕ್ಕು ಮುಗಿದ ಮೇಲೆ ಚಿತ್ರ ನೋಡ್ತಾರೆ."

ಸ್ಟೋರಕ್ಕ ಆವರೆಗೆ ಬಾಗಿಲ ಬಳಿ ನಿಂತಿದ್ದಳು. ಈಗ ಮೇಜಿನ ಹತ್ತಿರ ಬಂದು, ಕೇಳದೆಯೇ ಪ್ರಿನ್ಸಿಪಾಲರ ಪೆನ್ಸಿಲ್ ಎತ್ತಿಕೊಂಡಳು. ಸಹಿಯಾಗದೆ ಉಳಿದ ಆ ಹಾಳೆಯನ್ನೇ ಮಗುಚಿ ಹಾಕಿ, ಎಡಗೈಯಲ್ಲಿ ಬರೆಯಲು ಶುರು ಮಾಡಿದಳು. ಒಂದು ಗೆರೆ ಪ್ರಿನ್ಸಿಪಾಲರ ಭುಜವಾಯಿತು. ಇನ್ನೊಂದು ಬಿಗಿದ ದವಡೆಯಾಯಿತು. ಓರೆಯಾಗಿ ನಾಲ್ಕು ಎಳೆತ ಹಾಕಿದಾಗ ಕಿಟಕಿಯ ಬೆಳಕು ಅವರ ಹಣೆಯ ಮೇಲೆ ಬಂದು ಕೂತಿತು. ಎರಡು ನಿಮಿಷವೂ ಆಗಿರಲಿಲ್ಲ. ಹಾಳೆಯಲ್ಲಿದ್ದ ಮನುಷ್ಯ ಹೆದರಿದ್ದ.

ಪ್ರಿನ್ಸಿಪಾಲರೂ ಚಿತ್ರ ಕಲಿತವರೇ. ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

"ಮಂಗಳವಾರ ರಟ್ಟು ಬಿಚ್ಚಿದ ಚಿತ್ರ ನೋಡಿದೆ ಸಾರ್," ಅಂದಳು ಸ್ಟೋರಕ್ಕ. "ಮಡಿಕೆಯಲ್ಲಿ ನನ್ನ ಕಾಲಿದ್ದವು. ಸ್ಟೂಲಿನಿಂದ ತಲೆ ಬಗ್ಗಿಸಿದರೆ ಕಾಣುವ ನನ್ನ ಎರಡು ಕಾಲು. ಅದಕ್ಕೇ ಚಿತ್ರ ಬರೆದದ್ದು. ಹದಿನೆಂಟು ಜನ ನನ್ನನ್ನ ನೋಡ್ತಿದ್ದರಲ್ಲ, ನಾನೂ ಅಲ್ಲೇ ಇದ್ದೆ, ನಾನೂ ನೋಡ್ತಿದ್ದೆ ಅಂತ. ಅದನ್ನೇ ಮಡಚಿ ಮೊಳೆ ಹೊಡೆದಿದ್ದರು." "ಕೋಣೆ ನಿಮ್ಮ ಅಪ್ಪನದು ಅಂತಲೇ ಇಟ್ಕೊಳ್ಳಿ. ಕಾಲು ನನ್ನವು. ತಗೊಂಡೆ."

ಕೊಳವೆಯಿಂದ ಸುರುಳಿ ಹೊರಗೆ ಬಂತು. ಬಣ್ಣ ಬಿರಿಯದಿರಲಿ ಎಂದು ಚಿತ್ರದ ಮುಖ ಹೊರಗೆ ಬರುವಂತೆ ಸುತ್ತಿದ್ದಳು. ಮೇಜಿನ ಮೇಲೆ ಬಿಚ್ಚಿದಾಗ, ನೀಲಿ ನೆರಳಿನ ಮೇಲೆ ಎರಡು ಪಾದ. ಬೆರಳುಗಳು ಸ್ವಲ್ಪ ಮಡಚಿಕೊಂಡಿದ್ದವು, ತುಂಬ ಹೊತ್ತು ಅಲುಗಾಡದೆ ಕೂತವರ ಬೆರಳು ಮಡಚಿಕೊಳ್ಳುವ ಹಾಗೆ. ಇನ್ಸ್‌ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ಪಟ್ಟಿ ಮತ್ತೆ ಸುತ್ತಿಕೊಳ್ಳಲು ಹೋಯಿತು. ಅಂಚು ಹಿಡಿಯಲು ಕೈ ಹಾಕಿದ ಗೆರೆ ಮೇಡಂಗೆ ಹಿಂಬದಿಯ ಬರಿ ಬಟ್ಟೆಯ ಮೇಲೆ ಏನೋ ಕಪ್ಪಗೆ ಕಂಡಿತು. ಮಡಚಿದಾಗ ಒಳಗೆ ಸೇರಿಹೋಗುವ ಬದಿ ಅದು. ಮೊಳೆ ಹೊಡೆದ ದಿನದಿಂದ ಬೆಳಕು ಕಂಡಿರಲಿಲ್ಲ.

ಹಿಂದೆ ಏನು ಬರೆದಿದೆ ಎಂದು ಕೇಳಿದಾಗ ಸ್ಟೋರಕ್ಕ ತಲೆ ಅಲ್ಲಾಡಿಸಿದಳು. ಕತ್ತರಿಸುವಷ್ಟರಲ್ಲಿ ಗುಮಾಸ್ತನ ಹೆಜ್ಜೆ ಸದ್ದು ಕೇಳಿತ್ತು. ಸುತ್ತಿ ಕೊಳವೆಗೆ ತುರುಕಿ ಪಕ್ಕದ ಸ್ಟೋರಿನಲ್ಲಿ ಇಟ್ಟು, ತಾನು ಅಡಗುವ ಮನಸ್ಸಿಲ್ಲದೆ ವಾಪಸು ಬಂದು, ಚಾಕು ಹಿಡಿದೇ ಚಿತ್ರದ ಪಕ್ಕ ನಿಂತಿದ್ದಳು. ಆಮೇಲೆ ಅದನ್ನು ಮುಟ್ಟಿದ್ದು ಈಗಲೇ.

ಗೆರೆ ಮೇಡಂ ಪಟ್ಟಿಯನ್ನು ಮಗುಚಿದರು. ಇದ್ದಿಲಿನಲ್ಲಿ ಬರೆದ ಎರಡು ಸಾಲು. ಗಟ್ಟಿಯಾಗಿ ಓದಿದರು.

"ಇದು ನನ್ನದಲ್ಲ, ಸ್ಟೂಲಿನ ಮೇಲೆ ಕೂತವಳದು. ಇಂಥವು ಇನ್ನೂ ಹದಿನಾಲ್ಕು ಇವೆ."

ಪ್ರಿನ್ಸಿಪಾಲರು ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು.

"ಅಪ್ಪನ ಅಕ್ಷರ," ಅಂದರು.

ಸ್ಟೋರಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಇಪ್ಪತ್ತೇಳು ವರ್ಷ ಅವಳು ಬೈದುಕೊಂಡ ಮನುಷ್ಯ ಅವಳ ಕಾಲಿನ ಬೆನ್ನಿಗೇ ತಪ್ಪೊಪ್ಪಿಗೆ ಬರೆದು ಮೊಳೆ ಹೊಡೆದಿದ್ದ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೊದಲಿಗಿಂತ ಹೆಚ್ಚಾಗಿ ಬಂತು.

"ನಾನು ಬರೆದದ್ದು ಇದೊಂದೇ," ಅಂದಳು. "ಉಳಿದವು ಯಾರವು ಸಾರ್?"

ಇನ್ಸ್‌ಪೆಕ್ಟರ್ ತೆರೆದ ಬಾಗಿಲಿನಾಚೆಗಿನ ಸಭಾಂಗಣದ ಕಡೆ ತಿರುಗಿದ. ಗೋಡೆಯುದ್ದಕ್ಕೂ ಚಿತ್ರಗಳು, ಪ್ರತಿಯೊಂದರ ಮೂಲೆಯಲ್ಲೂ ಒಂದೇ ಸಹಿ.

ಪ್ರಿನ್ಸಿಪಾಲರು ಎದ್ದು ಹೋಗಿ ಆ ಬಾಗಿಲು ಮುಚ್ಚಿ ಚಿಲಕ ಹಾಕಿದರು. ಅವರು ಈ ಕಡೆ ತಿರುಗಿದಾಗ ಮುಖ ಗುರುತು ಸಿಗದ ಹಾಗಿತ್ತು, ಒಂದೇ ಸಲಕ್ಕೆ ಹತ್ತು ವರ್ಷ ಇಳಿದವರ ಹಾಗೆ, ಬೈಸಿಕೊಂಡ ವಿದ್ಯಾರ್ಥಿಯ ಹಾಗೆ.

"ಹದಿನಾಲ್ಕರಲ್ಲಿ ಒಂದು," ಅಂದರು, "ನನ್ನದು."